ಇಬ್ಬರು, ಒಂದು ಬೈಕು, ಮೂರು ದಿನದ ಗಂಟುಮೂಟೆ

ಬೈಕ್ ಪ್ರವಾಸದ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಹ್ಯಾಂಡಲ್ ಹಿಡಿಯುವವರು. ಹೀಗಾಗಿ ಎಂಜಿನ್, ಟೈರು, ರಸ್ತೆಗಳ ವಿವರ ಅವರ ಬರಹಗಳಲ್ಲಿ ಬೇಕಾದಷ್ಟು ಸಿಗುತ್ತದೆ, ಹಿಂದಿನ ಸೀಟಿನ ಲೆಕ್ಕ ಮಾತ್ರ ಸಿಗುವುದಿಲ್ಲ. ನಾನು ಹಿಂದೆ ಕೂರುವವಳು. ನಮ್ಮ ಮನೆಯಲ್ಲಿ ಓಡಿಸುವುದು ನಮ್ಮವರ ಕೆಲಸ; ದಾರಿ ಗೊತ್ತುಮಾಡುವುದು ಮತ್ತು ಚೀಲ ಕಟ್ಟುವುದು ನನ್ನ ಕೆಲಸ. ಒಂದೆರಡು ಸಲ ಸೊಂಟ ಹಿಡಿದುಕೊಂಡು, ಪರಸ್ಪರ ಮಾತು ಬಿಟ್ಟುಕೊಂಡು ಮನೆಗೆ ಮರಳಿದ ಮೇಲೆ ನಮಗೆ ಅರ್ಥವಾದದ್ದೇನೆಂದರೆ, ದಿನಕ್ಕೆ ಎಷ್ಟು ದೂರ, ಎಲ್ಲೆಲ್ಲಿ ನಿಲ್ಲುವುದು, ಎಷ್ಟು ಸಾಮಾನು ಎಂಬ ಮೂರನ್ನೂ ಹಿಂದೆ ಕೂತವರ ಮೈಯನ್ನು ಕೇಳಿಯೇ ತೀರ್ಮಾನಿಸಬೇಕು. ನವೆಂಬರ್ ಮೊದಲ ವಾರದಲ್ಲಿ ರಾಜ್ಯೋತ್ಸವದ ರಜೆ ಶನಿವಾರ, ಭಾನುವಾರಗಳಿಗೆ ಅಂಟಿಕೊಂಡು ಬಂದಾಗ ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಹೋಗಿಬರುವ ಪ್ರವಾಸವನ್ನು ಉದಾಹರಣೆಯಾಗಿ ಇಟ್ಟುಕೊಂಡು ಆ ಲೆಕ್ಕವನ್ನು ಇಲ್ಲಿ ವಿವರಿಸುತ್ತೇನೆ.

ನೆಲಮಂಗಲ, ಕುಣಿಗಲ್, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ, ಬೇಲೂರುಗಳ ಮೇಲೆ ಹೋದರೆ ಚಿಕ್ಕಮಗಳೂರು ಸುಮಾರು 245 ಕಿಲೋಮೀಟರ್. ಒಬ್ಬರೇ ಓಡಿಸುವವರು ಇದನ್ನು ನಾಲ್ಕೂವರೆ ಗಂಟೆಯಲ್ಲಿ ಮುಗಿಸಿಯಾರು. ಇಬ್ಬರು ಸಾಮಾನಿನೊಡನೆ ಹೊರಟಾಗ ಊಟ, ತಿಂಡಿ, ವಿಶ್ರಾಂತಿಗಳೂ ಸೇರಿ ಏಳು ಗಂಟೆ ಎಂದೇ ಹಿಡಿಯಬೇಕು. ಓಡಿಸುವವರಿಗೆ ಹ್ಯಾಂಡಲ್‌ನ ಆಸರೆಯಿದೆ, ಮುಂದಿನ ಗುಂಡಿ ಕಾಣುತ್ತದೆ, ಮೈ ತಾನಾಗಿಯೇ ಸಿದ್ಧವಾಗುತ್ತದೆ. ಹಿಂದೆ ಕೂತವರು ಹೆಚ್ಚುಕಡಿಮೆ ಹಿಂದಿನ ಚಕ್ರದ ನೇರ ಮೇಲೆಯೇ ಇರುತ್ತಾರಾದ್ದರಿಂದ ಪ್ರತಿ ಗುಂಡಿಯ ಏಟೂ ಬೆನ್ನುಹುರಿಗೆ ಸೀದಾ ತಲುಪುತ್ತದೆ, ಅದೂ ಮುನ್ಸೂಚನೆಯಿಲ್ಲದೆ. ಆದ್ದರಿಂದ ಐವತ್ತು ನಿಮಿಷಕ್ಕೊಮ್ಮೆ ಇಳಿಯುವುದು ನಮ್ಮ ನಿಯಮ. ನೋವು ಶುರುವಾದ ಮೇಲೆ ಇಳಿದರೆ ಹತ್ತು ನಿಮಿಷದ ವಿಶ್ರಾಂತಿ ಸಾಲುವುದಿಲ್ಲ. ನೋವು ಬರುವ ಮೊದಲೇ ಇಳಿದರೆ ಐದು ನಿಮಿಷ ಸಾಕು.

ಇನ್ನು ತೂಕದ ವಿಚಾರ. ಬೈಕ್‌ನ ಕೈಪಿಡಿಯಲ್ಲಿ ವಾಹನ, ಸವಾರರು, ಸಾಮಾನು ಎಲ್ಲ ಸೇರಿ ಎಷ್ಟು ತೂಕ ಮೀರಬಾರದೆಂಬ ಅಂಕಿ ಇರುತ್ತದೆ. ಅದರಲ್ಲಿ ಬೈಕ್‌ನ ಸ್ವಂತ ತೂಕವನ್ನು ಕಳೆದರೆ ಉಳಿಯುವುದು ನಿಮ್ಮಿಬ್ಬರಿಗೂ ಸಾಮಾನಿಗೂ ಇರುವ ಅವಕಾಶ. ನಮ್ಮದು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ಅದರ ತೂಕವೇ 195 ಕಿಲೋ. ಹೆಲ್ಮೆಟ್, ಜಾಕೆಟ್, ಬೂಟುಗಳ ಸಮೇತ ನಾವಿಬ್ಬರೂ 145 ಕಿಲೋ ತೂಗುತ್ತೇವೆ. ಇದನ್ನೆಲ್ಲ ಕೂಡಿ ಕಳೆದು, ಸಾಮಾನು 15 ಕಿಲೋ ದಾಟಬಾರದೆಂದು ನಿರ್ಧರಿಸಿಕೊಂಡಿದ್ದೇವೆ. ಇದು ಕಡಿಮೆಯೆನಿಸಬಹುದು, ಆದರೆ ಮೂರು ದಿನಕ್ಕೆ ಇಬ್ಬರಿಗೆ ಧಾರಾಳವಾಗಿ ಸಾಕಾಗುತ್ತದೆ.

ಈ 15 ಕಿಲೋವನ್ನು ಎಲ್ಲಿ ಇಡುತ್ತೇವೆಂಬುದು ಎಷ್ಟು ಇಡುತ್ತೇವೆಂಬುದಕ್ಕಿಂತ ಮುಖ್ಯ. ಭಾರವಾದದ್ದು ಕೆಳಗೆ ಮತ್ತು ಮುಂದಕ್ಕೆ ಇರಬೇಕು, ಹಗುರವಾದದ್ದು ಮೇಲೆ ಮತ್ತು ಹಿಂದಕ್ಕೆ. ಹಿಂದಿನ ಕ್ಯಾರಿಯರ್ ಮೇಲೆ ಎಂಟು ಕಿಲೋ ಚೀಲ ಕಟ್ಟಿದರೆ ಬೈಕ್‌ನ ಮುಂಭಾಗ ಹಗುರಾಗಿ, ತಿರುವಿನಲ್ಲಿ ಹ್ಯಾಂಡಲ್ ತೇಲಿದ ಹಾಗಾಗುತ್ತದೆ. ಆದ್ದರಿಂದ ಬಟ್ಟೆ, ಚಪ್ಪಲಿ, ಟೂಲ್ ಕಿಟ್‌ಗಳು ಎರಡು ಬದಿಯ ಸ್ಯಾಡಲ್ ಬ್ಯಾಗ್‌ಗಳಲ್ಲಿರಲಿ, ಮೇಲಿನ ಸಣ್ಣ ಚೀಲದಲ್ಲಿ ರೈನ್‌ಕೋಟ್ ಮತ್ತು ಟವೆಲ್‌ಗಳಷ್ಟೇ ಇರಲಿ. ಎರಡೂ ಬದಿಯ ತೂಕ ಸಮನಾಗಿರಬೇಕು. ವಿಮಾನ ಪ್ರಯಾಣಕ್ಕೆಂದು ಕೊಂಡ ಕೊಕ್ಕೆ ತಕ್ಕಡಿ ಮನೆಯಲ್ಲಿದ್ದರೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಮ್ಮ ದೇಶದ ಬೈಕ್‌ಗಳಲ್ಲಿ ಎಡಬದಿಗೆ ಸೀರೆ ಗಾರ್ಡ್ ಇರುವುದರಿಂದ ಎಡಗಡೆಯ ಚೀಲ ಚಕ್ರಕ್ಕೆ ತಾಗುವುದಿಲ್ಲ. ಅಂದಕ್ಕೆ ಅಡ್ಡಿಯೆಂದು ಅದನ್ನು ಬಿಚ್ಚಿಸುವವರಿದ್ದಾರೆ. ಹಿಂದಿನ ಚಕ್ರದ ಅರ್ಧವನ್ನಾದರೂ ಮುಚ್ಚುವ ರಕ್ಷಣೆ ಇರಬೇಕೆಂಬುದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ, ಚೀಲ ಕಟ್ಟುವವರಿಗಂತೂ ಅದು ಬೇಕೇ ಬೇಕು. ಬಲಗಡೆ ಸೈಲೆನ್ಸರ್ ಇರುತ್ತದೆ. ಖಾಲಿ ಬೈಕ್ ನಿಂತಿರುವಾಗ ಚೀಲಕ್ಕೂ ಸೈಲೆನ್ಸರ್‌ಗೂ ನಾಲ್ಕು ಬೆರಳಿನ ಅಂತರ ಕಂಡರೂ, ಇಬ್ಬರು ಕೂತು ಹಂಪ್ ಹಾರಿದಾಗ ಅದು ಒಂದು ಬೆರಳಿಗೆ ಇಳಿಯುತ್ತದೆ. ನನ್ನದೊಂದು ಒಳ್ಳೆಯ ಶಾಲು ಹೀಗೆಯೇ ಚೀಲದೊಳಗಿದ್ದುಕೊಂಡೇ ಕರಕಲಾಯಿತು. ಚೀಲ ಕಟ್ಟಿದ ಮೇಲೆ ಇಬ್ಬರೂ ಕೂತು, ಮೂರನೆಯವರಿಂದ ಅಂತರ ನೋಡಿಸಿಕೊಳ್ಳುವುದೇ ಸರಿಯಾದ ಕ್ರಮ.

ಪಟ್ಟಿಗಳ ತುದಿಗಳು ಗಾಳಿಗೆ ಹಾರಾಡದಂತೆ ಒಳಗೆ ಸಿಕ್ಕಿಸಬೇಕು. ಒಂದು ತುದಿ ಚೈನ್‌ಗೆ ಸಿಕ್ಕರೆ ಚಕ್ರವೇ ಕಚ್ಚಿಕೊಳ್ಳಬಹುದು. ಎಲಾಸ್ಟಿಕ್ ಹಗ್ಗವೊಂದನ್ನೇ ನಂಬುವುದು ಬೇಡ, ಬಕಲ್ ಇರುವ ಪಟ್ಟಿಯಿಂದ ಬಿಗಿದು ಅದರ ಮೇಲೆ ಎಲಾಸ್ಟಿಕ್ ಹಾಕಬಹುದು. ಹಿಂದಿನ ದೀಪ, ಇಂಡಿಕೇಟರ್, ನಂಬರ್ ಪ್ಲೇಟುಗಳನ್ನು ಚೀಲ ಮುಚ್ಚಬಾರದು. ಹೊರಟು ಇಪ್ಪತ್ತು ಕಿಲೋಮೀಟರ್ ಆದ ಕೂಡಲೇ ಒಮ್ಮೆ ನಿಲ್ಲಿಸಿ ಎಲ್ಲವನ್ನೂ ಮತ್ತೆ ಬಿಗಿಯಬೇಕು, ಏಕೆಂದರೆ ಅಷ್ಟರಲ್ಲಿ ಬಟ್ಟೆಗಳು ಅದುರಿ ಕುಗ್ಗಿ ಪಟ್ಟಿ ಸಡಿಲವಾಗಿಯೇ ಇರುತ್ತದೆ. ಇನ್ನೊಂದು ಮಾತು: ಹಿಂದೆ ಕೂತವರ ಬೆನ್ನಿಗೆ ಬ್ಯಾಗ್ ಹೇರಬಾರದು. ಮೊದಲ ಗಂಟೆ ಅದು ತಿಳಿಯುವುದಿಲ್ಲ, ಮೂರನೆಯ ಗಂಟೆಗೆ ಭುಜ ಎರಡಾಗಿರುತ್ತದೆ.

ಒಳಗೆ ಏನಿಡಬೇಕೆಂಬುದಕ್ಕೆ ಹೆಚ್ಚು ಚರ್ಚೆ ಬೇಕಿಲ್ಲ. ಮೈಮೇಲಿನದು ಬಿಟ್ಟು ಒಬ್ಬರಿಗೆ ಎರಡು ಜೊತೆ ಬಟ್ಟೆ, ರಾತ್ರಿಯುಡುಗೆ, ಒಂದು ಸ್ವೆಟರ್, ಮಾತ್ರೆಗಳು, ಚಾರ್ಜರ್. ಚೀಲದ ಮೇಲಿನ ಹೊದಿಕೆ ಎಷ್ಟೇ ಒಳ್ಳೆಯದಿದ್ದರೂ ನೀರು ಬಿಡುತ್ತದೆಯಾದ್ದರಿಂದ ಬಟ್ಟೆಗಳನ್ನು ಮೊದಲು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಳಿಕ ಒಳಗಿಡಬೇಕು. ನವೆಂಬರ್‌ನಲ್ಲಿ ಹಿಂಗಾರಿನ ಸಂಜೆ ಮಳೆ ಬಂದೇ ಬರುತ್ತದೆ ಎನ್ನಲಾಗದು, ಬಾರದು ಎನ್ನುವಂತೆಯೂ ಇಲ್ಲ. ಹೆಂಗಸರು ದುಪಟ್ಟಾವನ್ನು ಜಾಕೆಟ್ ಒಳಗೆ ಸೇರಿಸಬೇಕು ಅಥವಾ ಮನೆಯಲ್ಲೇ ಬಿಡಬೇಕು. ಚಕ್ರಕ್ಕೆ ಸಿಕ್ಕಿದ ದುಪಟ್ಟಾ ಕುತ್ತಿಗೆಯನ್ನೇ ಎಳೆದುಬಿಡುತ್ತದೆ. ಜಡೆಗೂ ಇದೇ ನಿಯಮ. ಹೆಲ್ಮೆಟ್ ಇಬ್ಬರಿಗೂ ಕಾನೂನಿನ ಪ್ರಕಾರ ಕಡ್ಡಾಯ. ಓಡಿಸುವವರಿಗೆ ಐಎಸ್‌ಐ ಮುದ್ರೆಯಿರುವ ಪೂರ್ಣ ಮುಖದ ಹೆಲ್ಮೆಟ್ ಕೊಂಡು ಹೆಂಡತಿಗೆ ಅರ್ಧ ಟೋಪಿ ತೊಡಿಸುವ ಗಂಡಂದಿರನ್ನು ಹೆದ್ದಾರಿಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಬಿದ್ದರೆ ಇಬ್ಬರೂ ಒಂದೇ ರಸ್ತೆಯ ಮೇಲೆ ಬೀಳುವುದು.

ಬೈಕ್‌ನ ಸರ್ವಿಸ್ ಒಂದು ವಾರ ಮೊದಲೇ ಆಗಿರಬೇಕು. ಒಮ್ಮೆ ನಾವು ಹೊರಡುವ ಹಿಂದಿನ ಸಂಜೆ ಸರ್ವಿಸ್ ಮುಗಿಸಿ, ಬೆಳಗ್ಗೆ ಸೀದಾ ಹೆದ್ದಾರಿಗಿಳಿದೆವು. ಕುಣಿಗಲ್ ದಾಟುವಷ್ಟರಲ್ಲಿ ಚೈನ್ ಕಡೆಯಿಂದ ಗೊರಗೊರ ಸದ್ದು ಶುರುವಾಯಿತು. ಕೆಲಸಗಾರರು ಖಾಲಿ ಬೈಕನ್ನು ಡಬಲ್ ಸ್ಟ್ಯಾಂಡ್ ಹಾಕಿ ಚೈನನ್ನು ಚೆನ್ನಾಗಿ ಬಿಗಿದು ಕಳಿಸಿದ್ದರು. ಇಬ್ಬರು ಕೂತಾಗ ಹಿಂಭಾಗ ಕುಸಿದು, ಎಂಜಿನ್ನಿನ ಹಲ್ಲಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರ ತುಸು ಹೆಚ್ಚಾಗುತ್ತದೆ. ಖಾಲಿಯಿದ್ದಾಗ ಸರಿಯಾಗಿದ್ದಂತೆ ಕಂಡ ಚೈನ್ ಆಗ ತಂತಿಯಂತೆ ಬಿಗಿಯುತ್ತದೆ. ರಸ್ತೆಬದಿಯ ಮೆಕ್ಯಾನಿಕ್ ಒಬ್ಬರು ನಮ್ಮಿಬ್ಬರನ್ನೂ ಮೇಲೆ ಕೂರಿಸಿಯೇ ಚೈನ್ ಸಡಿಲಿಸಿ ಕೊಟ್ಟರು. ಅಂದಿನಿಂದ ನಾವು ಇಬ್ಬರೂ ಕೂತು, ಮೂರನೆಯವರಿಂದ ಚೈನ್ ಎಷ್ಟು ಆಡುತ್ತದೆಂದು ನೋಡಿಸುತ್ತೇವೆ. ಹೀಗೆಯೇ ಟೈರಿನ ಗಾಳಿಗೂ ಕೈಪಿಡಿಯಲ್ಲಿ ಒಬ್ಬರಿಗೆ ಒಂದು, ಇಬ್ಬರಿಗೆ ಇನ್ನೊಂದು ಅಂಕಿ ಇರುತ್ತದೆ, ಹಿಂದಿನ ಟೈರಿಗೆ ಹೆಚ್ಚು ಬೇಕು, ಮತ್ತು ಟೈರು ತಣ್ಣಗಿರುವಾಗ, ಎಂದರೆ ಮನೆ ಹತ್ತಿರದ ಬಂಕ್‌ನಲ್ಲಿಯೇ ತುಂಬಿಸಬೇಕು. ಹಿಂದಿನ ಶಾಕ್ ಅಬ್ಸಾರ್ಬರ್‌ಗಳನ್ನು ಟೂಲ್ ಕಿಟ್‌ನಲ್ಲಿರುವ ಕೊಕ್ಕೆಯಂಥ ಸ್ಪ್ಯಾನರ್‌ನಿಂದ ಒಂದೆರಡು ಮೆಟ್ಟಿಲು ಗಟ್ಟಿ ಮಾಡಿಕೊಳ್ಳಬೇಕು. ಎರಡೂ ಬದಿ ಒಂದೇ ಮೆಟ್ಟಿಲಿನಲ್ಲಿರಬೇಕು. ಹಿಂಭಾಗ ಕುಸಿದಂತೆ ಹೆಡ್‌ಲೈಟ್ ಮೇಲಕ್ಕೆ ನೋಡಿ ಎದುರಿನವರ ಕಣ್ಣು ಕುಕ್ಕುವುದರಿಂದ ಅದನ್ನೂ ಸ್ವಲ್ಪ ತಗ್ಗಿಸಬೇಕು. ಟ್ಯೂಬ್ ಇರುವ ಚಕ್ರವಾದರೆ ಒಂದು ಹೊಸ ಟ್ಯೂಬ್, ಜೊತೆಗೆ ಕ್ಲಚ್ ವೈರ್ ಮತ್ತು ಫ್ಯೂಸ್ ಇದ್ದರೆ ಸಾಕು. ಮಿಕ್ಕದ್ದು ದಾರಿಯಲ್ಲಿ ಸಿಗುತ್ತದೆ.

ಹತ್ತುವುದು, ಇಳಿಯುವುದನ್ನು ಮನೆಯ ಮುಂದೆಯೇ ಅಭ್ಯಾಸ ಮಾಡಬೇಕೆಂದರೆ ನಗುವವರಿದ್ದಾರೆ. ಹಿಂದೆ ಚೀಲ ಕಟ್ಟಿದ ಬೈಕ್ ಮೇಲೆ ಎಂದಿನಂತೆ ಕಾಲು ಬೀಸಿ ಹತ್ತಲು ಆಗುವುದಿಲ್ಲ. ಓಡಿಸುವವರು ಎರಡೂ ಕಾಲು ನೆಲಕ್ಕೂರಿ, ಮುಂದಿನ ಬ್ರೇಕ್ ಹಿಡಿದು, ‘ಹತ್ತು’ ಎಂದ ಮೇಲೆ, ಅವರ ಭುಜ ಹಿಡಿದು, ಎಡ ಫುಟ್‌ರೆಸ್ಟ್ ಮೇಲೆ ನಿಂತು, ಬಲಗಾಲನ್ನು ಮಡಚಿ ಸೀಟಿನ ಮೇಲಿಂದ ಆಚೆಗೆ ದಾಟಿಸಬೇಕು. ಹೇಳದೆ ಹತ್ತುವುದು, ಹೇಳದೆ ಇಳಿಯುವುದು, ಇವೆರಡರಲ್ಲೇ ನಿಂತ ಬೈಕುಗಳು ಬೀಳುತ್ತವೆ. ಓಡುವಾಗ ತಿರುವಿನಲ್ಲಿ ಹಿಂದೆ ಕೂತವರು ಹೆದರಿ ಎದುರು ದಿಕ್ಕಿಗೆ ವಾಲಬಾರದು. ತಿರುವು ಎಡಕ್ಕಿದ್ದರೆ ಓಡಿಸುವವರ ಎಡಭುಜದ ಮೇಲಿಂದ ರಸ್ತೆಯನ್ನು ನೋಡಿದರೆ ಸಾಕು, ಮೈ ತಾನಾಗಿ ಸರಿಯಾದ ಕಡೆಗೆ ವಾಲುತ್ತದೆ. ನಮ್ಮ ಸನ್ನೆಗಳು ಮೂರೇ: ಭುಜಕ್ಕೆ ಒಂದು ತಟ್ಟು ಎಂದರೆ ನಿಧಾನ, ಎರಡು ಎಂದರೆ ಸಾಧ್ಯವಾದ ಕಡೆ ನಿಲ್ಲಿಸಿ, ಬಿಡದೆ ತಟ್ಟಿದರೆ ಈಗಲೇ ನಿಲ್ಲಿಸಿ. ಹಂಪ್ ಕಂಡಾಗ ನಮ್ಮವರು ಎಡಗೈ ಕೆಳಗಿಳಿಸುತ್ತಾರೆ, ನಾನು ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಅರ್ಧ ಎದ್ದುಕೊಳ್ಳುತ್ತೇನೆ. ಈ ಒಂದು ಸನ್ನೆಯಿಂದ ನನ್ನ ಸೊಂಟ ಉಳಿದಿದೆ.

ಮೊದಲ ದಿನ ಬೆಳಗ್ಗೆ ಐದೂವರೆಗೆ ನೆಲಮಂಗಲ ದಾಟಿರಬೇಕು. ತಡವಾದರೆ ಕಾರುಗಳ ಸಾಲಿನ ನಡುವೆ ಚೀಲಗಳ ಅಗಲವನ್ನು ಅಳೆಯುತ್ತ ಸಾಗಬೇಕಾಗುತ್ತದೆ. ನಗರದ ದಕ್ಷಿಣದವರು ನೈಸ್ ರಸ್ತೆ ಹಿಡಿಯುವ ಯೋಚನೆಯಲ್ಲಿದ್ದರೆ, ಅಲ್ಲಿ ರಾತ್ರಿ 10ರಿಂದ ಬೆಳಗಿನ 5ರವರೆಗೆ ದ್ವಿಚಕ್ರ ವಾಹನಗಳಿಗೆ ನಿಷೇಧವಿರುವುದನ್ನು ನೆನಪಿಡಬೇಕು. ಹೆದ್ದಾರಿಯ ಟೋಲ್ ಬೈಕ್‌ಗಳಿಗಿಲ್ಲ, ಎಡತುದಿಯ ದಾರಿಯಲ್ಲಿ ದಾಟಿಕೊಳ್ಳಬಹುದು. ವೇಗ 70ರ ಆಸುಪಾಸಿನಲ್ಲಿರಲಿ. ತುಂಬಿದ ಬೈಕ್ ನಿಲ್ಲಲು ಹೆಚ್ಚು ದೂರ ಬೇಕು, ಬೆಳ್ಳೂರು ಕ್ರಾಸ್‌ನಂಥ ಕಡೆ ಜನ ರಸ್ತೆ ದಾಟುತ್ತಲೇ ಇರುತ್ತಾರೆ. ಬೇಲೂರಿನಲ್ಲಿ ಚೆನ್ನಕೇಶವನನ್ನು ನೋಡದೆ ಮುಂದೆ ಹೋಗುವುದು ನನ್ನಿಂದಾಗದು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಈ ಗುಡಿ 2023ರಲ್ಲಿ ಹಳೇಬೀಡು, ಸೋಮನಾಥಪುರಗಳೊಂದಿಗೆ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ರಜಾ ದಿನಗಳಲ್ಲಿ ಸಾಲು ಉದ್ದವಿರುತ್ತದೆ. ಬೂಟು ಬಿಚ್ಚಿ, ಹೆಲ್ಮೆಟ್ ಹಿಡಿದು, ಬೈಕ್ ಮೇಲಿನ ಚೀಲಗಳ ಚಿಂತೆ ಹೊತ್ತು ಶಿಲಾಬಾಲಿಕೆಯರನ್ನು ನೋಡಿದರೆ ಏನೂ ಕಾಣುವುದಿಲ್ಲ. ಒಂದು ಉದ್ದನೆಯ ಸೈಕಲ್ ಚೈನ್ ಬೀಗವನ್ನು ಎರಡೂ ಹೆಲ್ಮೆಟ್‌ಗಳ ಗಲ್ಲದ ಭಾಗದ ಮೂಲಕ ಮತ್ತು ಚೀಲಗಳ ಹಿಡಿಕೆಗಳ ಮೂಲಕ ತೂರಿಸಿ ಬೈಕ್‌ಗೆ ಹಾಕಿ, ತಿಂಡಿ ತಿಂದ ಹೋಟೆಲಿನ ಮುಂದೆಯೇ ಕೇಳಿಕೊಂಡು ನಿಲ್ಲಿಸುವುದು ನಮ್ಮ ಉಪಾಯ. ಹಣ ಮತ್ತು ಮೊಬೈಲ್ ಮಾತ್ರ ಸೊಂಟದ ಚೀಲದಲ್ಲಿ.

ತಂಗುವುದು ಎರಡೂ ರಾತ್ರಿ ಒಂದೇ ಕಡೆ ಇರಲಿ. ದಿನಾ ಬೆಳಗ್ಗೆ ಚೀಲ ಕಟ್ಟುವ ಒಂದು ಗಂಟೆ ಉಳಿಯುತ್ತದೆ, ಎರಡನೆಯ ದಿನ ಖಾಲಿ ಬೈಕ್ ಸಿಗುತ್ತದೆ. ಹೋಂಸ್ಟೇ ಕಾಯ್ದಿರಿಸುವಾಗ ಮಂಚ, ಬಿಸಿನೀರುಗಳ ಜೊತೆಗೆ ಗೇಟಿನಿಂದ ಮನೆಯವರೆಗಿನ ದಾರಿ ಡಾಂಬರೋ ಮಣ್ಣೋ, ಎಷ್ಟು ಕಡಿದು ಎಂದು ಕೇಳಲೇಬೇಕು. ಕಾಫಿ ತೋಟದ ಒಳದಾರಿಯ ಕೊನೆಯ ಎರಡು ಕಿಲೋಮೀಟರ್, ಮಳೆ ಬಿದ್ದ ಸಂಜೆ, ತುಂಬಿದ ಬೈಕ್‌ಗೆ ಇಡೀ ಹೆದ್ದಾರಿಗಿಂತ ಕಷ್ಟ. ಅಂಥ ಕಡೆ ನಾನು ಇಳಿದು ನಡೆಯುತ್ತೇನೆ, ಅದರಲ್ಲಿ ಅವಮಾನವೇನೂ ಇಲ್ಲ. ಆಲ್ದೂರು, ಮೂಡಿಗೆರೆ ಕಡೆಯ ತೋಟಗಳಲ್ಲಿ ಕಾಡಾನೆಗಳ ಓಡಾಟವಿರುವುದರಿಂದ ಕತ್ತಲಾಗುವ ಮೊದಲು ಗೂಡು ಸೇರಬೇಕು.

ಎರಡನೆಯ ದಿನಕ್ಕೆ ಎರಡು ದಾರಿಗಳಿವೆ. ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಹತ್ತಿರವೇ ಇದೆ, ಆದರೆ ದೀರ್ಘ ರಜೆಯಲ್ಲಿ ಆ ಕಿರಿದಾದ ಘಾಟಿಯಲ್ಲಿ ಕ್ಲಚ್ ಹಿಡಿದು ನಿಲ್ಲುವುದೇ ಪ್ರವಾಸವಾಗಿಬಿಡುತ್ತದೆ. ಹೋಗಲೇಬೇಕೆಂದಿದ್ದರೆ ಮುಂಗಡ ನೋಂದಣಿಯ ನಿಯಮವನ್ನು ಮನೆಯಲ್ಲೇ ನೋಡಿಕೊಂಡು, ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳಿ. ನನ್ನ ಆಯ್ಕೆ ಆಲ್ದೂರು, ಬಾಳೆಹೊನ್ನೂರುಗಳ ಮೇಲೆ ಶೃಂಗೇರಿಗೆ ಹೋಗುವ ರಸ್ತೆ. ಹೋಗಿಬರಲು ಒಟ್ಟು 180 ಕಿಲೋಮೀಟರ್ ಒಳಗೇ ಆಗುತ್ತದೆ. ಭದ್ರೆಯನ್ನು ಬಾಳೆಹೊನ್ನೂರಿನಲ್ಲಿ, ತುಂಗೆಯನ್ನು ಶೃಂಗೇರಿಯಲ್ಲಿ ನೋಡಿ, ವಿದ್ಯಾಶಂಕರ ದೇವಾಲಯದ ನೆರಳಿನಲ್ಲಿ ಕೂತು, ಮಠದ ಊಟ ಮುಗಿಸಿ ಮಧ್ಯಾಹ್ನ ಎರಡಕ್ಕೆ ಹಿಂತಿರುಗಬಹುದು. ದಾರಿಯುದ್ದಕ್ಕೂ ಮರದ ನೆರಳಿನಲ್ಲಿ ಒದ್ದೆ ಎಲೆಗಳಿರುತ್ತವೆ, ಅರೇಬಿಕಾ ಕೊಯ್ಲು ಶುರುವಾಗುವ ಕಾಲವಾದ್ದರಿಂದ ಆಳುಗಳನ್ನು ತುಂಬಿಕೊಂಡ ಜೀಪುಗಳು ತಿರುವಿನಲ್ಲಿ ನಡುರಸ್ತೆಗೇ ಬರುತ್ತವೆ. ಪ್ರತಿ ಕುರುಡು ತಿರುವಿಗೂ ಹಾರ್ನ್ ಮಾಡಬೇಕು. ಇಳಿಜಾರಿನಲ್ಲಿ ಹತ್ತಿದ ಗೇರಿನಲ್ಲೇ ಇಳಿದರೆ ಬ್ರೇಕ್ ಬಿಸಿಯೇರುವುದಿಲ್ಲ. ಮೊಬೈಲ್ ಸಿಗ್ನಲ್ ಅಲ್ಲಲ್ಲಿ ಕೈಕೊಡುವುದರಿಂದ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಬೇಕು. ತುರ್ತಿಗೆ 112, ಹೆದ್ದಾರಿಯಲ್ಲಾದರೆ 1033.

ಮೂರನೆಯ ದಿನ ಏಳಕ್ಕೆ ಹೊರಟರೆ ಮಧ್ಯಾಹ್ನ ಎರಡರೊಳಗೆ ನಗರ ಸೇರಬಹುದು. ಕಡೂರು, ತಿಪಟೂರು, ತುಮಕೂರು ಮೇಲಿನ ದಾರಿಯಲ್ಲಿ ಬಂದರೂ ಹಾಸನದ ದಾರಿಯಲ್ಲಿ ಬಂದರೂ ಎರಡೂ ನೆಲಮಂಗಲದಲ್ಲೇ ಕೂಡುವುದರಿಂದ ಸಂಜೆ ಅಲ್ಲಿ ಸಿಕ್ಕಿಕೊಳ್ಳುವುದು ನಿಶ್ಚಿತ. ತಡವಾಗಿದ್ದರೆ ಕುಣಿಗಲ್ ಅಥವಾ ಸೋಲೂರಿನಿಂದ ಮಾಗಡಿಗೆ ತಿರುಗಿ, ಮಾಗಡಿ ರಸ್ತೆಯಲ್ಲಿ ನಗರ ಪ್ರವೇಶಿಸುವುದು ಬೈಕಿನವರಿಗೆ ನೆಮ್ಮದಿಯ ದಾರಿ. ಕೊನೆಯ ನೂರು ಕಿಲೋಮೀಟರಿನಲ್ಲಿ ಹಿಂದೆ ಕೂತವರಿಗೆ ನಿದ್ದೆ ಬರುತ್ತದೆ. ಮುಂದಿನ ಹೆಲ್ಮೆಟ್‌ಗೆ ಹಿಂದಿನ ಹೆಲ್ಮೆಟ್ ಎರಡು ಸಲ ಬಡಿದರೆ, ಮನೆ ಎಷ್ಟೇ ಹತ್ತಿರವಿದ್ದರೂ ಟೀ ಅಂಗಡಿ ಕಂಡಲ್ಲಿ ನಿಲ್ಲಿಸಬೇಕು.

ಮನೆಗೆ ಬಂದ ಮರುದಿನ ಚೈನ್ ಒರೆಸಿ ಎಣ್ಣೆ ಬಿಡಬೇಕು, ಒದ್ದೆ ಚೀಲಗಳನ್ನು ಮಡಚದೆ ಒಣಗಲು ತೂಗುಹಾಕಬೇಕು. ಶಾಕ್ ಅಬ್ಸಾರ್ಬರ್, ಟೈರಿನ ಗಾಳಿ, ಹೆಡ್‌ಲೈಟ್ ಮೂರನ್ನೂ ಹಳೆಯ ಮಟ್ಟಕ್ಕೆ ತರಬೇಕು. ಇಲ್ಲದಿದ್ದರೆ ಸೋಮವಾರ ಒಬ್ಬರೇ ಕಚೇರಿಗೆ ಹೊರಟಾಗ ಬೈಕ್ ಕುದುರೆಯಂತೆ ಎಗರುತ್ತದೆ.