ಮೋಡ ಕಂಡರೆ ಟಿವಿ ನಿಲ್ಲುತ್ತದೆಯೇ? ಡಿಶ್ ಹೀಗೆ ಸರಿಪಡಿಸಿ

ಕೊಡಗಿನಲ್ಲಿ ಜೂನ್ ಬಂತೆಂದರೆ ಮನೆಮನೆಯಲ್ಲೂ ಒಂದೇ ದೂರು: ಮಳೆ ಶುರುವಾಯಿತು, ಟಿವಿ ನಿಂತಿತು. ಧೋ ಎಂದು ಸುರಿಯುವಾಗ ಸಿಗ್ನಲ್ ಕುಗ್ಗುವುದು ನಿಜವೇ. ಡಿಶ್ ಹಿಡಿಯುವ ಕೆಯು ಬ್ಯಾಂಡ್ ತರಂಗಗಳನ್ನು ಮಳೆಹನಿ ಹೀರಿಬಿಡುತ್ತದೆ. ಆದರೆ ತುಂತುರಿಗೇ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿದ್ದರೆ ಮಳೆಯನ್ನು ಬೈಯಬೇಡಿ, ಡಿಶ್ ನೋಡಿ. ಡಿಜಿಟಲ್ ಚಿತ್ರ ಹಳೆಯ ಟಿವಿಯಂತೆ ಮೆಲ್ಲಗೆ ಮಸುಕಾಗುವುದಿಲ್ಲ. ಒಂದು ಮಟ್ಟದವರೆಗೆ ಸ್ವಚ್ಛ, ಅದರ ಕೆಳಗೆ ಸೊನ್ನೆ. ಬಿಸಿಲಿನಲ್ಲಿ ಆ ಅಂಚಿನಲ್ಲೇ ನಡೆಯುತ್ತಿದ್ದ ಡಿಶ್ ಮೊದಲ ಮಳೆಗೇ ಕೈಕೊಡುತ್ತದೆ. ಆದ್ದರಿಂದ ಈ ಕೆಲಸಕ್ಕೆ ಮೇ ತಿಂಗಳೇ ಸರಿ.

ಮಾಡಿನ ಮೇಲಿನ ಹಳೆಯ ಕಡ್ಡಿ ಆಂಟೆನಾ ಈಗ ಕಾಗೆ ಕೂರಲಷ್ಟೇ. ದೂರದರ್ಶನ ಅನಲಾಗ್ ಪ್ರಸಾರವನ್ನು ಬಹುತೇಕ ಕಡೆ ನಿಲ್ಲಿಸಿಯಾಗಿದೆ. ಉಳಿದ ಆ ಕಂಬಕ್ಕೇ ಡಿಶ್ ಕಟ್ಟುವ ಜಾಣತನವೂ ಬೇಡ. ಗಾಳಿಗೆ ಕಂಬ ಓಲಾಡಿದರೆ ದಿಕ್ಕು ತಪ್ಪುತ್ತದೆ. ಗೋಡೆಗೆ ಬೋಲ್ಟ್ ಹೊಡೆದು ಬಿಗಿಯಿರಿ.

ಡಿಡಿ ಫ್ರೀ ಡಿಶ್ ಚಾನೆಲ್‌ಗಳು ಬರುವುದು 93.5 ಡಿಗ್ರಿ ಪೂರ್ವ ರೇಖಾಂಶದ ಜಿಸ್ಯಾಟ್-15 ಉಪಗ್ರಹದಿಂದ. ಮಡಿಕೇರಿಯಿಂದ ನೋಡಿದರೆ ಅದು ಉತ್ತರದಿಂದ ಸುಮಾರು 124 ಡಿಗ್ರಿ, ಅಂದರೆ ಆಗ್ನೇಯಕ್ಕೆ. ದಿಗಂತದಿಂದ ಸುಮಾರು 65 ಡಿಗ್ರಿ ಮೇಲೆ. ವಿರಾಜಪೇಟೆ, ಸೋಮವಾರಪೇಟೆಗೂ ಹೆಚ್ಚುಕಡಿಮೆ ಇದೇ ಲೆಕ್ಕ. ಖಾಸಗಿ ಕಂಪನಿಯ ಡಿಶ್ ಆದರೆ ಉಪಗ್ರಹ ಬೇರೆಯಿರಬಹುದು, ವಿಚಾರಿಸಿಕೊಳ್ಳಿ. ಮೊಬೈಲ್‌ನ ದಿಕ್ಸೂಚಿಯನ್ನು ಕಬ್ಬಿಣದಿಂದ ದೂರ ನಿಂತು ನೋಡಿ.

ಉಪಗ್ರಹ ಇಷ್ಟು ಎತ್ತರದಲ್ಲಿರುವುದರಿಂದ ಎದುರಿನ ಬೆಟ್ಟ ಅಡ್ಡ ಬರುವುದು ಅಪರೂಪ. ಅಡ್ಡ ಬರುವುದು ಮನೆ ಪಕ್ಕದ ಸಿಲ್ವರ್ ಓಕ್. ಡಿಶ್‌ನಿಂದ 10 ಅಡಿ ದೂರದ ಮರ ಡಿಶ್‌ಗಿಂತ 21 ಅಡಿ ಎತ್ತರ ದಾಟಿದರೆ ದಾರಿ ಮುಚ್ಚಿತೆಂದೇ ಲೆಕ್ಕ. ದೂರ 20 ಅಡಿಯಾದರೆ 42 ಅಡಿಯವರೆಗೆ ತೊಂದರೆಯಿಲ್ಲ. ಅಳತೆ ಬೇಡವೆನ್ನುವವರಿಗೆ ಸೂರ್ಯನೇ ತೋರಿಸಿಕೊಡುತ್ತಾನೆ. ಮಾರ್ಚ್ 15ರ ಆಸುಪಾಸು ಬೆಳಿಗ್ಗೆ 11 ಗಂಟೆ ದಾಟಿದ ಮೇಲೆ ಅವನು ಸರಿಯಾಗಿ ಉಪಗ್ರಹದ ನೇರಕ್ಕೆ ಬರುತ್ತಾನೆ. ಆಗ ಡಿಶ್ ಮೇಲೆ ಯಾವ ಕೊಂಬೆಯ ನೆರಳು ಬೀಳುತ್ತದೋ, ಮರ ಕಪಾತಿನವರು ಬಂದಾಗ ಅದನ್ನೇ ಕಡಿಸಿ. ಒದ್ದೆ ಎಲೆ ಒಣ ಎಲೆಗಿಂತ ಹೆಚ್ಚು ತಡೆಯುತ್ತದೆ.

ಈಗ ಬಾಕ್ಸ್‌ನ ಸಿಗ್ನಲ್ ಪುಟ ತೆರೆಯಿರಿ. ಎಲ್‌ಎನ್‌ಬಿ, ಅಂದರೆ ಡಿಶ್ ಮುಂದಿನ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಭಾಗ, ಅದರ ಆಯ್ಕೆ 9750–10600 ಇರಲಿ. ಅಲ್ಲಿ ಎರಡು ಪಟ್ಟಿ ಕಾಣುತ್ತವೆ. ಸ್ಟ್ರೆಂತ್ ನೋಡಿ ಹಿಗ್ಗಬೇಡಿ. ಡಿಶ್ ಎತ್ತ ತಿರುಗಿದ್ದರೂ ಅದು ಒಂದಿಷ್ಟು ತೋರಿಸುತ್ತದೆ. ನಂಬಬೇಕಾದದ್ದು ಕ್ವಾಲಿಟಿಯನ್ನು. ಒಬ್ಬರು ಟಿವಿ ಮುಂದೆ ಕೂತು ಅಂಕಿ ಕೂಗಲಿ. ಡಿಶ್‌ನ ನಟ್ಟನ್ನು ಅರೆಬಿಗಿಯಲ್ಲಿಟ್ಟು ಕೂದಲೆಳೆಯಷ್ಟೇ ಜರುಗಿಸಿ, ಕೆಲವು ಸೆಕೆಂಡು ಕಾಯಿರಿ, ಮತ್ತೆ ಜರುಗಿಸಿ. ಎಡಬಲ ಮುಗಿದ ಮೇಲೆ ಮೇಲೆ–ಕೆಳಗೆ. ಕೊನೆಗೆ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ನಿಧಾನಕ್ಕೆ ತಿರುಗಿಸಿ. ಇದನ್ನು ಹೆಚ್ಚಿನವರು ಮುಟ್ಟುವುದೇ ಇಲ್ಲ. ಆದರೆ ನಮ್ಮಲ್ಲಿ ಅದು ನೆಟ್ಟಗಿನ ಸ್ಥಾನದಿಂದ 50 ಡಿಗ್ರಿಗೂ ಹೆಚ್ಚು ವಾಲಬೇಕು, ಮಳೆ ತಡೆಯುವ ಬಲ ಇಲ್ಲೇ ಸಿಗುತ್ತದೆ. ನಟ್ಟು ಬಿಗಿಯುವಾಗಲೂ ಅಂಕಿ ಇಳಿಯದಂತೆ ನೋಡಿಕೊಳ್ಳಿ.

ಕೇಬಲ್ ಆರ್‌ಜಿ-6 ಇರಲಿ, ನಡುವೆ ಜೋಡಣೆ ಬೇಡ. ಎಲ್‌ಎನ್‌ಬಿ ಬಳಿ ಕೇಬಲನ್ನು ಒಂದು ಸುತ್ತು ಇಳಿಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಕನೆಕ್ಟರ್ ಬಿಚ್ಚಿದಾಗ ಒಳಗಿನ ತಾಮ್ರದ ತಂತಿ ಹಸಿರುಗಟ್ಟಿದ್ದರೆ ನೀರು ಇಳಿದಿದೆ. ಒರೆಸಿ ಉಪಯೋಗವಿಲ್ಲ, ಹಾಳಾದಷ್ಟು ಕತ್ತರಿಸಿ ಹೊಸ ಕನೆಕ್ಟರ್ ಹಾಕಿ.

ಇಷ್ಟಾದರೂ ಸಾಲದೆಂದರೆ 60 ಸೆಂಟಿಮೀಟರ್ ಬದಲು 90ರ ಡಿಶ್ ತನ್ನಿ, ದುಪ್ಪಟ್ಟಿಗೂ ಮಿಗಿಲು ಸಿಗ್ನಲ್ ಹಿಡಿಯುತ್ತದೆ. ಮಳೆ ಜೋರಿರುವ ಭಾಗಮಂಡಲದ ಕಡೆಯವರಿಗೆ ನನ್ನ ಸಲಹೆ ಮೊದಲಿಗೇ ಅದು.

ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿಯನ್ನು ಮಾತ್ರ ಇದಕ್ಕೆ ತರಬೇಡಿ. ಅದು ವಿದ್ಯುತ್ ತಂತಿಗೆ ತಗುಲಿ ತೋಟಗಳಲ್ಲಿ ಎಷ್ಟೋ ಜೀವ ಹೋಗಿವೆ. ಗುಡುಗು ಕೇಳಿದರೆ ಮಾಡಿನಿಂದ ಇಳಿದು, ಬಾಕ್ಸ್‌ನ ಪ್ಲಗ್ ಜೊತೆ ಡಿಶ್ ಕೇಬಲನ್ನೂ ಕಳಚಿಡಿ.