ನಾಯಿಯ ಕಾಲಿಗೆ ಹಚ್ಚಿದ್ದು ಹೊಟ್ಟೆಗೆ ಹೋಗುತ್ತದೆ!

ಕೊಡಗಿನ ಮನೆಗಳಲ್ಲಿ ನೋವಿನ ಮುಲಾಮಿಗೆ ಬರವಿಲ್ಲ. 1997ರಲ್ಲಿ ಕೊಡವ ಕೌಟುಂಬಿಕ ಹಾಕಿ ಶುರುವಾದ ಮೇಲಂತೂ ಸ್ಟಿಕ್ ಬ್ಯಾಗಿನಲ್ಲಿ ಒಂದು ಸ್ಪ್ರೇ ಇದ್ದೇ ಇರುತ್ತದೆ. ಪಂದ್ಯ ಮುಗಿದರೆ ಅದು ಜಗಲಿಯ ಕಿಟಕಿಗೆ ಬರುತ್ತದೆ. ನಮ್ಮಲ್ಲೂ ಹಾಗೇ. ಕಾಫಿ ಕುಯ್ಲಿನ ಸಮಯದಲ್ಲಿ ದಿನವಿಡೀ ತೋಟ ಸುತ್ತಿ ಬಂದ ನಮ್ಮ ನಾಯಿ ಕರಿಯ ಒಂದು ಸಂಜೆ ಹಿಂಗಾಲು ಎತ್ತಿಕೊಂಡೇ ಬಂದ. ಪಾಪ ಎಂದು ಭಾವ ತೊಡೆಗೆ ಅದೇ ಸ್ಪ್ರೇ ಹೊಡೆದರು. ಎರಡೇ ನಿಮಿಷ. ಕರಿಯ ತೊಡೆಯನ್ನೆಲ್ಲ ನೆಕ್ಕಿ ಮುಗಿಸಿದ. ಬಾಯಲ್ಲಿ ನೊರೆ, ರಾತ್ರಿ ಎರಡು ಸಲ ವಾಂತಿ.

ನಾವು ಮೊಣಕಾಲಿಗೆ ಹಚ್ಚಿಕೊಂಡದ್ದನ್ನು ನೆಕ್ಕುವುದಿಲ್ಲ. ನಾಯಿ ನೆಕ್ಕದೆ ಬಿಡುವುದಿಲ್ಲ. ಅದರ ಚರ್ಮವೂ ನಮ್ಮದಕ್ಕಿಂತ ತೆಳು.

ಹಾಗಾಗಿ ಮೊದಲು ಟ್ಯೂಬಿನ ಹಿಂಬದಿ ಓದಿ. ಡೈಕ್ಲೋಫೆನಾಕ್, ಮೀಥೈಲ್ ಸ್ಯಾಲಿಸಿಲೇಟ್, ಕರ್ಪೂರ, ಕ್ಯಾಪ್ಸೈಸಿನ್, ಟರ್ಪೆಂಟೈನ್, ಇವುಗಳಲ್ಲಿ ಒಂದಿದ್ದರೂ ಬೇಡ. ಮೀಥೈಲ್ ಸ್ಯಾಲಿಸಿಲೇಟ್ ಆಸ್ಪಿರಿನ್ನಿನ ನೆಂಟ. ಹೊಟ್ಟೆಗೆ ಹೋದರೆ ಹುಣ್ಣು ಮಾಡುತ್ತದೆ. ಡೈಕ್ಲೋಫೆನಾಕ್ ಹೊಟ್ಟೆಯ ಜೊತೆಗೆ ಕಿಡ್ನಿಯನ್ನೂ ಕೆಡಿಸುತ್ತದೆ. ದನಗಳಿಗೆ ಕೊಡುತ್ತಿದ್ದ ಇದೇ ಔಷಧಿಯನ್ನು 2006ರಲ್ಲಿ ನಿಷೇಧಿಸಿದರು, ನೆನಪಿದೆಯಾ? ಸತ್ತ ದನ ತಿಂದ ರಣಹದ್ದುಗಳು ಕಿಡ್ನಿ ಕೆಟ್ಟೇ ಸತ್ತದ್ದು. ‘ಇದು ಗಿಡಮೂಲಿಕೆಯದ್ದು, ಏನೂ ಆಗಲ್ಲ’ ಎನ್ನುವ ಮಾತನ್ನೂ ನಂಬಬೇಡಿ. ಕರ್ಪೂರವೂ ಮರದಿಂದಲೇ ಬರುವುದು ಅಲ್ವಾ? ಅದು ಹೊಟ್ಟೆಗೆ ಹೋದರೆ ನಾಯಿಗೆ ಫಿಟ್ಸ್ ಬರಬಹುದು.

ಆಮೇಲೆ ಕಾಲನ್ನು ಸರಿಯಾಗಿ ನೋಡಿ. ಬೆರಳ ಸಂದಿ, ಅಂಗಾಲು, ಉಗುರಿನ ಬುಡ. ಮರುದಿನ ಬೆಳಕಲ್ಲಿ ನೋಡಿದಾಗ ಕರಿಯನ ಬೆರಳ ಸಂದಿಯಲ್ಲಿ ಸಿಕ್ಕಿದ್ದು ಕಾಫಿ ಕಡ್ಡಿಯ ಚೂರು. ಸ್ನಾಯುವಿಗೆ ಏನೂ ಆಗಿರಲಿಲ್ಲ! ಮಳೆಗಾಲದಲ್ಲಾದರೆ ಅಲ್ಲಿ ಜಿಗಣೆ ಇರುತ್ತದೆ. ಉಣ್ಣಿಯಿಂದ ಬರುವ ಜ್ವರಕ್ಕೂ ನಾಯಿ ಕುಂಟುತ್ತದೆ. ತಣ್ಣನೆಯ ಕೆರೆಯಲ್ಲಿ ಜಾಸ್ತಿ ಈಜಿದ ಲ್ಯಾಬ್ರಡಾರ್ ಮರುದಿನ ಬಾಲ ಜೋತುಹಾಕಿಕೊಂಡು ನಿಂತರೆ ಗಾಬರಿ ಬೇಡ, ತಿಕ್ಕಲೂ ಬೇಡ. ವಿಶ್ರಾಂತಿ ಕೊಟ್ಟರೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಬಾಲ ಏಳುತ್ತದೆ. ಕಾಲನ್ನು ನೆಲಕ್ಕೆ ಊರುವುದೇ ಇಲ್ಲ ಎಂದಾದರೆ ಡಾಕ್ಟರ ಹತ್ತಿರ ಹೋಗಲೇಬೇಕು.

ಬರೀ ಉಳುಕಾದರೆ ಮೊದಲ ಎರಡು ದಿನ ಐಸನ್ನು ಟವೆಲ್ಲಿನಲ್ಲಿ ಸುತ್ತಿ, ಹತ್ತು ನಿಮಿಷದಂತೆ ದಿನಕ್ಕೆ ಮೂರು ಸಲ ಇಡಿ. ಮೂರನೇ ದಿನದಿಂದ ಉಗುರುಬೆಚ್ಚಗಿನ ಬಟ್ಟೆ ಸಾಕು. ತೋಟಕ್ಕೆ ಬಿಡದೆ ಕಟ್ಟಿಹಾಕುವುದೇ ಕಷ್ಟದ ಕೆಲಸ. ನನ್ನ ಕೇಳಿದರೆ ಅರ್ಧ ಸಲ ಮುಲಾಮೇ ಬೇಕಾಗುವುದಿಲ್ಲ.

ಡಾಕ್ಟರು ನಾಯಿಗೆಂದೇ ಇರುವ ಮುಲಾಮು ಬರೆದುಕೊಟ್ಟರೆ, ಬೇರೆ ನೋವಿನ ಮಾತ್ರೆಯೋ ಸ್ಟಿರಾಯ್ಡೋ ನಡೆಯುತ್ತಿದೆಯೇ ಎಂದು ಆಗಲೇ ಹೇಳಿಬಿಡಿ. ಮೊದಲ ಸಲ ಹುಣಸೆಬೀಜದಷ್ಟು ಹಚ್ಚಿ ಒಂದು ದಿನ ಕಾಯಿರಿ. ಚರ್ಮ ಕೆಂಪಾಗಿ ತುರಿಸಿಕೊಂಡರೆ ನಿಲ್ಲಿಸಿ. ಓಡಿ ಬಂದು ಏದುಸಿರು ಬಿಡುವಾಗ ಬೇಡ, ಮೈ ತಣ್ಣಗಾಗಲಿ, ಒಣಗಲಿ. ಕೂದಲನ್ನು ಬೆರಳಿಂದ ಬಿಡಿಸಿ ಚರ್ಮಕ್ಕೆ ಮುಟ್ಟುವಂತೆ ತೆಳ್ಳಗೆ ಹಚ್ಚಿ. ಜಿಗಣೆ ಕಚ್ಚಿದ ಜಾಗ, ಗಾಯ, ಕಣ್ಣಿನ ಸುತ್ತ, ತೊಡೆಸಂದಿ ಇಲ್ಲೆಲ್ಲ ಬೇಡವೇ ಬೇಡ. ಮೇಲೆ ಬ್ಯಾಂಡೇಜ್ ಸುತ್ತಬೇಡಿ, ಶಾಖ ಕೊಡಬೇಡಿ. ಔಷಧಿ ಬೇಕಾದ್ದಕ್ಕಿಂತ ಜಾಸ್ತಿ ಒಳಗೆ ಇಳಿಯುತ್ತದೆ. ಆಮೇಲೆ ಪೂರ್ತಿ ಒಣಗುವವರೆಗೆ, ಕಡಿಮೆಯೆಂದರೆ ಅರ್ಧ ಗಂಟೆ, ನೆಕ್ಕದಂತೆ ನೋಡಿಕೊಳ್ಳಿ. ಕುತ್ತಿಗೆಗೆ ಕೋನ್ ಹಾಕಿ, ಇಲ್ಲವೇ ಹಗ್ಗ ಹಿಡಿದು ಪಕ್ಕದಲ್ಲೇ ಕೂತಿರಿ. ಕೈ ತೊಳೆಯಿರಿ. ಮನೆಯಲ್ಲಿ ಬೆಕ್ಕಿದ್ದರೆ ನಾಯಿಯ ಪಕ್ಕ ಮಲಗಲು ಬಿಡಬೇಡಿ. ಅದಕ್ಕೆ ನಾಯಿಗಿಂತ ಬೇಗ ವಿಷವಾಗುತ್ತದೆ.

ಮನುಷ್ಯರ ಮುಲಾಮನ್ನು ನಾಯಿ ನೆಕ್ಕಿಬಿಟ್ಟಿತೇ? ಹಚ್ಚಿದ ಜಾಗವನ್ನು ಸೌಮ್ಯ ಸೋಪು ಹಾಕಿ ತೊಳೆಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಆ ಉಪ್ಪೇ ನಾಯಿಗೆ ಅಪಾಯ. ವಾಂತಿ, ಕಪ್ಪು ಮಲ, ತೂರಾಟ ಕಾಣಿಸುವವರೆಗೆ ಕಾಯದೆ ಡಾಕ್ಟರಿಗೆ ಫೋನ್ ಮಾಡಿ. ಹೋಗುವಾಗ ಟ್ಯೂಬನ್ನೂ ಒಯ್ಯಿರಿ. ‘ಅದೇ ಆ ನೀಲಿ ಟ್ಯೂಬು’ ಎಂದರೆ ಡಾಕ್ಟರಾದರೂ ಏನು ಮಾಡಿಯಾರು?