ನಾಟಕದ ಹಕ್ಕು ಕೊಡುವಾಗ ಕಾಗದದಲ್ಲಿ ಏನೇನು ಬರೆಸಬೇಕು?

ನಮ್ಮ ದೊಡ್ಡಪ್ಪ ಹರಿಹರದ ಕಡೆ ನಾಟಕದ ಮೇಷ್ಟ್ರು. 2009ರಲ್ಲಿ ತಾವು ಬರೆದ ಸಾಮಾಜಿಕ ನಾಟಕವನ್ನು ದಾವಣಗೆರೆಯ ಪ್ರಕಾಶಕರೊಬ್ಬರಿಗೆ ಕೊಟ್ಟರು. ಕಾಗದದಲ್ಲಿದ್ದುದು ಒಂದೇ ಸಾಲು: ‘ಈ ನಾಟಕದ ಸಕಲ ಹಕ್ಕುಗಳನ್ನು ಕೊಟ್ಟಿರುತ್ತೇನೆ.’ ಕೆಳಗೆ ಅವರ ಸಹಿ. ಆಮೇಲೆ ಊರಿನ ಹುಡುಗರು ಜಾತ್ರೆಗೆ ಅದೇ ನಾಟಕ ಆಡ್ತೀವಿ ಅಂತ ಬಂದರೆ, ‘ಅದು ನಂದಲ್ಲಪ್ಪಾ, ಮಾರಿಬಿಟ್ಟೀನಿ’ ಎಂದು ಕಳಿಸುತ್ತಿದ್ದರು.

ನಿಮಗೆ ಹೀಗಾಗಬಾರದು. ಮೊದಲು, ಮಾರುತ್ತೀರೋ ಲಾವಣಿಗೆ (ಗೇಣಿಗೆ) ಕೊಡುತ್ತೀರೋ ತೀರ್ಮಾನಿಸಿ. ಹಕ್ಕು ವರ್ಗಾವಣೆ ಅಂದರೆ ಹೊಲ ಕ್ರಯ ಮಾಡಿಕೊಟ್ಟ ಹಾಗೆ. ಲೈಸೆನ್ಸ್ ಅಂದರೆ ಲಾವಣಿ. ಹೊಲ ನಿಮ್ಮದೇ, ಉಳುವವರು ಬೇರೆ. ಒಂದು ರಾತ್ರಿ ಆಡುವ ತಂಡಕ್ಕೆ ಲೈಸೆನ್ಸ್ ಸಾಕು. ಅದೂ ಬರಹದಲ್ಲೇ ಇರಬೇಕು.

ಎರಡನೆಯದು, ಹಕ್ಕನ್ನು ಬಿಡಿಬಿಡಿಯಾಗಿ ನೋಡಿ. ಅಚ್ಚು ಹಾಕುವುದು, ರಂಗದ ಮೇಲೆ ಆಡುವುದು, ಅನುವಾದ, ಸಿನಿಮಾ, ಯೂಟ್ಯೂಬ್ ಎಲ್ಲವೂ ಬೇರೆ ಬೇರೆ. ಪುಸ್ತಕ ಮಾಡುವವರಿಗೆ ಅಚ್ಚಿನ ಹಕ್ಕು ಸಾಕಲ್ವಾ? ಉಳಿದದ್ದನ್ನು ಸುಮ್ನೆ ಯಾಕೆ ಕೊಡಬೇಕು?

ಇನ್ನು ಕಾಗದ. ಇಲ್ಲೇ ಜಾಸ್ತಿ ಜನ ಎಡವುವುದು. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವರ್ಗಾವಣೆ ಬಾಯಿಮಾತಲ್ಲಿ ಆಗುವುದಿಲ್ಲ. ಬರಹ ಬೇಕು, ಕೊಡುವವರ ಸಹಿ ಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ವರ್ಷ, ಯಾವ ಪ್ರದೇಶಕ್ಕೆ, ಎಷ್ಟು ಹಣ ಎಂಬುದೆಲ್ಲ ಇರಬೇಕು. ಹೀಗೆ ಬರೆಯಬಹುದು: ‘ಈ ನಾಟಕವನ್ನು ಕನ್ನಡದಲ್ಲಿ ಪುಸ್ತಕವಾಗಿ ಅಚ್ಚು ಹಾಕಿ ಮಾರುವ ಹಕ್ಕನ್ನು ಮಾತ್ರ, ಕರ್ನಾಟಕದೊಳಗೆ, 3 ವರ್ಷಕ್ಕೆ ಕೊಟ್ಟಿದ್ದೇನೆ. ಮಾರಾಟವಾದ ಪ್ರತಿ ಪುಸ್ತಕದ ಮುಖಬೆಲೆಯಲ್ಲಿ ನೂರಕ್ಕೆ 10 ರೂಪಾಯಿ ನನಗೆ ಸಲ್ಲಬೇಕು.’

ವರ್ಷ ಬರೆಯದಿದ್ದರೆ ವರ್ಗಾವಣೆ 5 ವರ್ಷಕ್ಕೆ ಮುಗಿಯುತ್ತದೆ. ಪ್ರದೇಶ ಬರೆಯದಿದ್ದರೆ ಅದು ಇಡೀ ಭಾರತಕ್ಕೆ. ಪಡೆದವರು ಒಂದು ವರ್ಷ ಆ ಹಕ್ಕನ್ನು ಬಳಸದಿದ್ದರೆ, ಕಾಗದದಲ್ಲಿ ಬೇರೆ ಮಾತಿಲ್ಲದಿದ್ದರೆ, ಅದು ರದ್ದಾಗುತ್ತದೆ. 1995ರ ಮೇ ತಿಂಗಳಿಗಿಂತ ಹಿಂದಿನ ಕಾಗದಗಳಿಗೆ ಈ ನಿಯಮ ಇಲ್ಲ. ಅಂಥವನ್ನು ವಕೀಲರಿಗೆ ತೋರಿಸಿ.

ದೊಡ್ಡಪ್ಪನ ಕಾಗದದಲ್ಲಿ ವರ್ಷವೇ ಇರಲಿಲ್ಲ. ಅಂದರೆ 2014ಕ್ಕೇ ನಾಟಕ ಅವರ ಕೈಗೆ ವಾಪಸ್ ಬಂದಿತ್ತು. ಯಾರೂ ಹೇಳಿರಲಿಲ್ಲ. ಸೆಕ್ಷನ್ ಓದಿ ಹೇಳಿದಾಗ ಅವರು ‘ಇನ್ನೊಂದ್ಸಲ ಓದು’ ಎಂದರು.

ಕೃತಿಸ್ವಾಮ್ಯದ ನೋಂದಣಿ ಕಡ್ಡಾಯವಲ್ಲ. ಬರೆದ ದಿನವೇ ಹಕ್ಕು ಹುಟ್ಟುತ್ತದೆ. ಆದರೂ ಮಾಡಿಸಿದರೆ ಸಾಕ್ಷಿಗೆ ಒಳ್ಳೆಯದು; ನಾಟಕಕ್ಕೆ ಶುಲ್ಕ 500 ರೂಪಾಯಿ, ಅರ್ಜಿ ಆನ್‌ಲೈನ್‌ನಲ್ಲಿ. ಎಲ್ಲ ಹಕ್ಕು ಮಾರಿದರೂ, ಬರೆದವರು ತಾವೇ ಎಂದು ಹೇಳಿಕೊಳ್ಳುವ ಹಕ್ಕು 57ನೇ ಸೆಕ್ಷನ್‌ನಲ್ಲಿ ಉಳಿದೇ ಇರುತ್ತದೆ.

ಈ ಸಲ ಜಾತ್ರೆಗೆ ಹುಡುಗರು ಮತ್ತೆ ಬಂದರು. ದೊಡ್ಡಪ್ಪ ಕೊಟ್ಟ ಲೈಸೆನ್ಸ್ ಅರ್ಧ ಪುಟವೂ ಇಲ್ಲ. ಊರು, ತಾರೀಖು, ಒಂದೇ ಪ್ರದರ್ಶನ, ವಿಡಿಯೊ ಅಪ್‌ಲೋಡ್ ಮಾಡುವಂತಿಲ್ಲ, ಹಣ 1,001 ರೂಪಾಯಿ. ಕೊನೆಯ ಸಾಲು ಅವರದೇ ಕೈಬರಹ: ‘ಪೋಸ್ಟರ್‌ನಲ್ಲಿ ನಾಟಕಕಾರರ ಹೆಸರು ದಪ್ಪಕ್ಷರದಲ್ಲಿ ಇರತಕ್ಕದ್ದು.’